ಸಾವಂತ್ರಮ್ಮನ ಕಲ್ಲುಬಾನಿಯ ಅತಿಥಿ

ಮಕ್ಕಳೇ, ಕೈಕಟ್ಟಿ ಕುಳಿತುಕೊಳ್ಳಿ ಅನ್ನುವುದಿಲ್ಲ. ಕಾಲು ಚಾಚಿಯೇ ಕುಳಿತುಕೊಳ್ಳಿ. ಎಲ್ಲರ ಹೊಟ್ಟೆಯನ್ನೂ ಬಲ್ಲ ಭಗವಂತನನ್ನು ಒಂದು ಸಲ ನೆನೆದುಕೊಂಡರೆ ಆಯಿತು, ಕತೆ ತಾನಾಗಿ ಶುರುವಾಗುತ್ತದೆ.

ಹಾಲುಬಂಡೆ ಅಂತ ಒಂದು ಗುಡ್ಡ. ಮಣ್ಣಿನ ಗುಡ್ಡವಲ್ಲ, ಬರೀ ಬಂಡೆಗಳದು. ಯಾವುದೋ ಮಗು ಆಟವಾಡಿ, ಎತ್ತಿಡದೆ ಮಲಗಲು ಹೋದಂತೆ ಒಂದರ ಮೇಲೊಂದು ಕುಳಿತ ಬಂಡೆಗಳು. ಬೆಳಗಿನ ಮಂಜು ಇಳಿದರೆ ಕಲ್ಲು ಯಾವುದು, ಮೋಡ ಯಾವುದು ಎಂದು ತಿಳಿಯುತ್ತಿರಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಕೊಳ. ಕೊಳದ ದಂಡೆಯಲ್ಲಿ ನಾಲ್ಕು ಕಂಬದ ಹಳೆಯ ಮಂಟಪ. ಒಳಗೆ ಮೂರ್ತಿ ಇರಲಿಲ್ಲ, ದೀಪವಿಡುವ ಒಂದು ಗೂಡು ಮಾತ್ರ ಇತ್ತು. ಎಣ್ಣೆ ಬತ್ತಿ ತರುವವರು ಯಾರೂ ಇಲ್ಲದಿದ್ದರೂ ಸಂಜೆಯಾದರೆ ಆ ಗೂಡಿಗೆ ಒಂದು ಮಿಂಚುಹುಳು ತಾನಾಗಿ ಬಂದು ಕೂರುತ್ತಿತ್ತು. ಗುಡ್ಡದ ಪ್ರಾಣಿಗಳು ಅದಕ್ಕೇ ಕೈ ಮುಗಿಯುತ್ತಿದ್ದವು. ದೇವರು ಎಲ್ಲಿದ್ದಾನೆ ಅಂತ ಅವು ಯಾರನ್ನೂ ಕೇಳಿದ್ದಿಲ್ಲ. ಬೆಳಕು ಬಂದು ಕೂತಿತಲ್ಲ, ಅಷ್ಟು ಸಾಕಿತ್ತು.

ಮಂಟಪಕ್ಕೆ ಆತುಕೊಂಡು ಒಂದು ಅತ್ತಿಮರ. ಅಲ್ಲಿ ಅಳಿಲು ಸಾವಂತ್ರಮ್ಮನ ಮನೆ.

ಅವಳ ಬೆನ್ನಿನ ಮೇಲಿನ ಗೆರೆಗಳ ಕತೆ ನಿಮಗೂ ಗೊತ್ತಿರಬೇಕು. ಹಿಂದೆ ಸ್ವಾಮಿ ಸಮುದ್ರಕ್ಕೆ ಸೇತುವೆ ಕಟ್ಟಿಸುವಾಗ ಅವಳ ವಂಶದ ಮೂಲಜ್ಜಿ ಮೈಗೆ ಮರಳು ಮೆತ್ತಿಕೊಂಡು ಹೋಗಿ ಕೊಡವಿ ಬರುತ್ತಿದ್ದಳಂತೆ. ಸ್ವಾಮಿ ಮೆಚ್ಚಿ ಬೆರಳಿನಿಂದ ಬೆನ್ನು ಸವರಿದನಂತೆ. ಬಂದವರಿಗೆಲ್ಲ ಸಾವಂತ್ರಮ್ಮ ಈ ಕತೆ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಬಡಿಸುತ್ತಿದ್ದಳು.

ಬಡಿಸುವುದೇ ಅವಳ ಪೂಜೆ. ಅತಿಥಿಯ ಹೊಟ್ಟೆಯಲ್ಲಿ ಭಗವಂತ ಕುಳಿತಿರುತ್ತಾನೆ ಎಂದು ಅವಳ ನಂಬಿಕೆ. ನಂಬಿಕೆ ಸುಳ್ಳಲ್ಲ. ಆದರೆ ಭಗವಂತನಿಗೂ ಹೊಟ್ಟೆ ತುಂಬುತ್ತದೆ ಅನ್ನುವುದು ಅವಳಿಗೆ ತಿಳಿದಿರಲಿಲ್ಲ.

ನಮ್ಮ ಕಡೆಯ ಊಟದ ಪಂಕ್ತಿಗಳಲ್ಲಿ ನೀವೂ ನೋಡಿದ್ದೀರಿ. ಉಣ್ಣುವವರು "ಸಾಕು ಸಾಕು" ಎಂದು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಬಡಿಸುವವರು "ಅಯ್ಯೋ, ಏನೂ ಹಾಕಿಸಿಕೊಳ್ಳಲೇ ಇಲ್ಲ" ಎಂದು ಬೆರಳ ಸಂದಿಯಲ್ಲೇ ಪಾಯಸ ಬಿಡುತ್ತಾರೆ. ಬೇಡ ಅನ್ನುವುದು ಅವರ ಮರ್ಯಾದೆ, ಹಾಕುವುದು ಇವರ ಮರ್ಯಾದೆ. ಈ ಮರ್ಯಾದೆಯಲ್ಲಿ ಸಾವಂತ್ರಮ್ಮ ಇಡೀ ಗುಡ್ಡಕ್ಕೆ ಮುಂದು. ದಾರಿ ಕೇಳಲು ಬಂದ ಗೊರವಂಕವೊಂದು ಅವಳ ಮನೆಯಲ್ಲಿ ಉಂಡು, ರೆಕ್ಕೆ ಎತ್ತಲಾರದೆ, ನಡೆದುಕೊಂಡೇ ತನ್ನ ಗೂಡು ಸೇರಿತ್ತು.

ಹೀಗಿರಲು ಆ ವರ್ಷ ಮುಂಗಾರು ಜೋರಾಗಿ ಹಿಡಿಯಿತು. ಬಂಡೆಗಳ ಸಂದಿಯಿಂದ ನೀರು ಹಾಲಿನಂತೆ ಇಳಿಯಿತು. ಆ ನೀರಿನಲ್ಲಿ ಒಂದು ತೊಗಟೆಯ ಚೂರು ತೇಲುತ್ತ ಬಂದು ಮಂಟಪದ ಮೆಟ್ಟಿಲಿಗೆ ತಾಗಿತು. ತೊಗಟೆಯ ಮೇಲೆ, ಬಾಲ ಮಡಿಸಿಕೊಂಡು, ನಡುಗುತ್ತ ಒಂದು ಎಳೆಯ ಕರಿಚೇಳು ಕುಳಿತಿತ್ತು.

"ಅಯ್ಯಯ್ಯೋ! ಕೊಂಡಿ ಇದೆ, ಕೊಂಡಿ! ಮಕ್ಕಳನ್ನ ಒಳಗೆ ಎಳ್ಕೊಳ್ಳಿ!" ಎಂದು ಕಿರುಚಿದಳು ನೆಲಗಪ್ಪೆ ಗುಂಡಕ್ಕ. ಅವಳು ಮಂಟಪದ ಮೆಟ್ಟಿಲ ಕೆಳಗೇ ಇರುವವಳು. ಗುಡ್ಡದಲ್ಲಿ ಏನೇ ನಡೆದರೂ ಮೊದಲ ಮಾತು ಅವಳದೇ.

ಚೇಳು ಮೆಲ್ಲಗೆ ಹೇಳಿತು, "ನನ್ನ ಹೆಸರು ನೀಲವ್ವ. ನನ್ನ ಬಿಲಕ್ಕೆ ನೀರು ನುಗ್ಗಿತು. ಮಳೆ ನಿಂತ ಮೇಲೆ ಹೊರಟು ಹೋಗ್ತೀನಿ."

ಗುಡ್ಡದ ಹಿರಿಯ ಆಮೆ ತಿಪ್ಪಜ್ಜ ಕೊಳದಿಂದ ನಿಧಾನವಾಗಿ ಎದ್ದು ಬಂದ. "ಮಳೆಗಾಲದಲ್ಲಿ ಬಂದವರನ್ನ ಹೊರಗೆ ಅಟ್ಟೋ ಪದ್ಧತಿ ನಮ್ಮಲ್ಲಿ ಇಲ್ಲ. ಹಾಗಂತ ಮಕ್ಕಳು ಮರಿ ಓಡಾಡೋ ಜಾಗದಲ್ಲಿ ಇವಳು ಓಡಾಡೋದೂ ಸರಿಯಲ್ಲ. ಮಂಟಪದ ಮೂಲೇಲಿ ಕಲ್ಲುಬಾನಿ ಇದೆಯಲ್ಲ, ಅದರಲ್ಲಿರಲಿ" ಎಂದ.

ಹಿಂದೆಂದೋ ಪೂಜೆಯ ಹೂವು ನೆನೆಸಿಡುತ್ತಿದ್ದ ಬಾನಿ ಅದು. ಒಳಗೋಡೆ ಕನ್ನಡಿಯ ಹಾಗೆ ನುಣುಪು. ಒಳಗಿಳಿದ ಚೇಳು ತಾನಾಗಿ ಮೇಲೆ ಬರುವಂತಿಲ್ಲ. ತಿಪ್ಪಜ್ಜ ಅದರ ತಳಕ್ಕೆ ಒಣ ಮರಳು ಹಾಕಿಸಿ, ಅಡಗಿ ಕೂರಲು ಒಂದು ಚಪ್ಪಟೆ ಕಲ್ಲು ಇಡಿಸಿದ.

"ಇವಳ ಊಟ ಉಪಚಾರ ಯಾರ ಮೇಲೆ?" ಎಂದು ಕೇಳಿದ.

ಸಾವಂತ್ರಮ್ಮ ಮರದಿಂದ ಸರ್ರನೆ ಇಳಿದಳು. "ನನ್ನ ಮೇಲೆ ಅಜ್ಜಾ! ಈ ದೀಪದ ಗೂಡಿನ ಮುಂದೆ ನಿಂತು ಹೇಳ್ತೀನಿ, ಮಳೆ ನಿಂತ ದಿನ ಇವಳನ್ನ ಒಂದು ಕಾಲೂ ಊನ ಆಗದ ಹಾಗೆ ಕಳಿಸಿಕೊಡ್ತೀನಿ. ನನ್ನ ಬೆನ್ನ ಮೇಲಿನ ಗೆರೆ ಸಾಕ್ಷಿ!"

ಮಿಂಚುಹುಳು ಒಮ್ಮೆ ಮಿನುಗಿತು. ಮಾತು ಕೊಟ್ಟಾಯಿತು.

ಅಂದೇ ಉಪಚಾರ ಶುರು. ಮೊದಲು ಅತ್ತಿಹಣ್ಣು ಬಂತು. ಆಮೇಲೆ ಸುಲಿದ ಕಡಲೆಕಾಯಿ. ಆಮೇಲೆ ಹುಣಸೆ ಚಿಗುರು, ಹಲಸಿನ ಬೀಜ, ಎಲ್ಲಿಂದಲೋ ಕದ್ದು ತಂದ ಬೆಲ್ಲದ ಚೂರು. ಸಾವಂತ್ರಮ್ಮ ಬಾನಿಯ ಅಂಚಿನಲ್ಲಿ ತಲೆಕೆಳಗಾಗಿ ನೇತುಬಿದ್ದು ಬಡಿಸಿದ್ದೇ ಬಡಿಸಿದ್ದು.

ನೀಲವ್ವ ತನ್ನ ಎರಡೂ ಇಕ್ಕಳಗಳನ್ನು ಮುಂದೆ ಅಡ್ಡ ಹಿಡಿದು "ಬೇಡ ದೊಡ್ಡಮ್ಮಾ" ಎಂದಳು.

"ನೋಡಿ, ನೋಡಿ! ಎಲೆ ಮೇಲೆ ಕೈ ಅಡ್ಡ ಹಿಡಿಯೋ ಹಾಗೇ ಹಿಡೀತಾಳೆ! ಎಂಥ ಸಂಸ್ಕಾರ!" ಎಂದು ಸಾವಂತ್ರಮ್ಮ ಹಿಗ್ಗಿ, ಇನ್ನೊಂದು ಅತ್ತಿಹಣ್ಣು ಹಾಕಿದಳು.

ಹಣ್ಣು ಕೊಳೆಯಿತು. ಕಡಲೆಕಾಯಿಗೆ ಬೂಷ್ಟು ಬಂತು. ಬೆಲ್ಲದ ವಾಸನೆಗೆ ಇರುವೆಗಳು ಸಾಲುಗಟ್ಟಿ ಬಂದು ನೀಲವ್ವನ ಕಾಲು ಕಚ್ಚಿದವು. ಕುಡಿಯಲಿ ಎಂದು ಸಾವಂತ್ರಮ್ಮ ದೊಡ್ಡ ಚಿಪ್ಪಿನ ತುಂಬ ನೀರಿಟ್ಟಿದ್ದಳು. ಅದು ಉರುಳಿ ಅರ್ಧ ಮರಳು ರಾಡಿಯಾಯಿತು. ಪಾಪ, ನೀಲವ್ವ ಕಲ್ಲಿನ ಮೇಲೆ ಹತ್ತಿ ಕುಳಿತುಕೊಂಡಳು.

ಗುಂಡಕ್ಕ ಮೆಟ್ಟಿಲ ಕೆಳಗಿನಿಂದ ತಲೆ ಹಾಕಿದಳು. "ಏನೇ ಸಾವಂತ್ರೀ, ಊರಿಗೆಲ್ಲ ಉಣ್ಣಿಸೋ ಮಹಾತಾಯಿ! ನಿನ್ನ ಅತಿಥಿ ಬಂದಾಗಿಂದ ಉಪವಾಸ ಇದ್ದಾಳಂತಲ್ಲ?"

ಆ ಮಾತು ಸಾವಂತ್ರಮ್ಮನ ಎದೆಗೆ ಮುಳ್ಳಿನಂತೆ ಚುಚ್ಚಿತು. ಬಾನಿಯೊಳಗೆ ಇಣುಕಿದಳು. ಅಂದು ಮೊದಲ ಬಾರಿಗೆ, ಬಡಿಸುವ ಮುಂಚೆ ಕೇಳಿದಳು.

"ಮಗಳೇ, ನೀನು ಮನೇಲಿ ಏನು ತಿಂತಿದ್ದೆ?"

ನೀಲವ್ವ ನಾಚಿಕೊಂಡಳು. "ಹೇಳಿದರೆ ನಿಮಗೆ ಅಸಹ್ಯ ಆಗುತ್ತೇನೋ ದೊಡ್ಡಮ್ಮಾ. ಹಣ್ಣು ಹಂಪಲು ನನಗೆ ಒಗ್ಗಲ್ಲ. ನಾನು ತಿನ್ನೋದು ಹುಳ. ಜಿರಳೆ, ಮಿಡತೆ, ಚಿಮ್ಮಂಡೆ, ಅಂಥವು. ಅದೂ ನನಗಿಂತ ಚಿಕ್ಕದಾಗಿರಬೇಕು. ಜೀವ ಇದ್ದು ಓಡಾಡಿದರೇ ನನಗೆ ಅದು ಊಟ ಅಂತ ತಿಳಿಯೋದು. ನನ್ನ ಕಣ್ಣು ಮಂದ. ನೆಲದ ನಡುಕದಿಂದ ಗುರುತು ಹಿಡೀತೀನಿ."

ಸಾವಂತ್ರಮ್ಮನ ಬಾಲ ನೆಟ್ಟಗಾಯಿತು. ನೇರವಾಗಿ ತಿಪ್ಪಜ್ಜನ ಹತ್ತಿರ ಓಡಿದಳು.

"ಅಜ್ಜಾ, ನನ್ನ ಕೈಯಾರೆ ಜೀವ ಇರೋದನ್ನ ಬಡಿಸಲಾ? ಸ್ವಾಮಿ ಮುಟ್ಟಿದ ಮೈ ಇದು!"

ತಿಪ್ಪಜ್ಜ ಕೊಳದ ಕಡೆ ಕತ್ತು ಚಾಚಿದ. ನೀರಿನಲ್ಲಿ ಆಕಾಶ ತೇಲುತ್ತಿತ್ತು.

"ನಿನ್ನ ಬಾಯಿಗೆ ಹಣ್ಣು ಇಟ್ಟವನು, ಅವಳ ಬಾಯಿಗೆ ಹುಳ ಇಟ್ಟವನು, ಇಬ್ಬರೂ ಒಬ್ಬನೇ ಸಾವಂತ್ರೀ. ಅವನ ಅಡುಗೆಮನೇಲಿ ನೀನು ತಪ್ಪು ಹುಡುಕಬೇಡ. ಒಂದು ಮಾತು ನೆನಪಿರಲಿ. ಅವಳ ಹಸಿವಿಗೆ ಸಂದ ಜೀವ ಅವನ ಲೆಕ್ಕಕ್ಕೆ ಹೋಗುತ್ತೆ. ಹಸಿವಿಲ್ಲದ ಹೊತ್ತಲ್ಲಿ ನೀನು ತಂದು ಹಾಕಿದ ಜೀವ ನಿನ್ನ ತಲೆ ಮೇಲೆ."

ಮಕ್ಕಳೇ, ಇಲ್ಲಿ ನಿಮ್ಮ ಮನಸ್ಸು ಸ್ವಲ್ಪ ಕುಗ್ಗಬಹುದು. ನನ್ನದೂ ಕುಗ್ಗುತ್ತದೆ. ಆದರೂ ತಿಪ್ಪಜ್ಜ ಹೇಳಿದ್ದು ನಿಜ. ಸಾವಂತ್ರಮ್ಮನ ಕಿವಿಗೆ ಮಾತ್ರ ಅದರಲ್ಲಿ ಮೊದಲರ್ಧವೇ ಹೋಯಿತು. ಉಳಿದರ್ಧ ಕೇಳುವ ಮುಂಚೆ ಅವಳು ಪೊದೆಯ ಕಡೆ ಹಾರಿದ್ದಳು.

ಮುಸ್ಸಂಜೆಗೆ ಒಂದು ಮುತ್ತುಗದ ಎಲೆಯನ್ನು ಸುರುಳಿ ಮಾಡಿ, ಅದರಲ್ಲಿ ಒಂದು ಪುಟ್ಟ ಜಿರಳೆ ತಂದಳು. ಕೊಳೆತದ್ದನ್ನೆಲ್ಲ ಎತ್ತಿ ಬಿಸಾಡಿದಳು. ಹಸಿ ಮರಳು ತೆಗೆದು ಒಣ ಮರಳು ಹಾಸಿದಳು. ನೀರಿನ ದೊಡ್ಡ ಚಿಪ್ಪಿನ ಬದಲು ನೀಲವ್ವ ಕೇಳಿದಂತೆ ಒದ್ದೆ ಪಾಚಿಯ ಒಂದು ಉಂಡೆ ಇಟ್ಟಳು. ಆಮೇಲೆ ಮೆಲ್ಲಗೆ ಸುರುಳಿ ಬಿಚ್ಚಿದಳು.

ಆಗ ಮೋಡ ಸರಿಯಿತು. ಹುಣ್ಣಿಮೆಗೆ ಹತ್ತಿರದ ಚಂದ್ರ ಮಂಟಪದೊಳಗೆ ಕಾಲಿಟ್ಟ. ಬೆಳದಿಂಗಳು ಬಾನಿಯೊಳಗೆ ಬಿದ್ದದ್ದೇ ತಡ, ಆ ಕರಿಚೇಳು ನೀಲಿಯಾಗಿ ಬೆಳಗಿತು! ಕೊಳದ ತಳದಲ್ಲಿ ಯಾರೋ ದೀಪ ಹಚ್ಚಿಟ್ಟಂತೆ, ನೀಲಿ ಅಂದರೆ ನೀಲಿ, ಅಂಚಿನಲ್ಲಿ ತುಸು ಹಸಿರು. ಸಾವಂತ್ರಮ್ಮ ಉಸಿರಾಡುವುದನ್ನೇ ಮರೆತಳು.

ನೀಲವ್ವ ಕಾಯುತ್ತಿದ್ದಳು. ಜಿರಳೆ ಹತ್ತಿರ ಬಂದಾಗ ಇಕ್ಕಳದಿಂದ ಹಿಡಿದಳು. ಕೊಂಡಿಯನ್ನು ಎತ್ತಲೂ ಇಲ್ಲ. ಇಷ್ಟು ಚಿಕ್ಕದಕ್ಕೆ ಅದು ಬೇಕಿರಲಿಲ್ಲ. ಅವಸರವಿಲ್ಲದೆ, ರಸ ಮಾಡಿ ಮಾಡಿ, ಬಹಳ ಹೊತ್ತು ಉಂಡಳು. ಕೊನೆಗೆ ಸಿಪ್ಪೆಯ ಪುಟ್ಟ ಉಂಡೆಯೊಂದನ್ನು ಒಂದು ಬದಿಗೆ ಇಟ್ಟಳು, ಉಂಡ ಎಲೆ ಮಡಿಸಿದ ಹಾಗೆ.

"ಹೊಟ್ಟೆ ತುಂಬಿತು ದೊಡ್ಡಮ್ಮಾ. ಇನ್ನು ಎಷ್ಟೋ ದಿನ ಏನೂ ಬೇಡ."

ಸಾವಂತ್ರಮ್ಮನ ಕಣ್ಣಲ್ಲಿ ನೀರು ಬಂತು. ಭಗವಂತನೇ ಉಂಡನೇನೋ ಅನ್ನಿಸಿತು ಅವಳಿಗೆ. ಕತೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವಳಿಗೆ ಆ ಸಂತೋಷ ಮರುದಿನವೂ ಬೇಕಾಯಿತು.

ಮರುಸಂಜೆ ಒಂದು ಮಿಡತೆ ತಂದಳು.

"ನಿನ್ನೆ ತಾನೇ ಉಂಡೆನಲ್ಲ ದೊಡ್ಡಮ್ಮಾ."

"ನಿನ್ನೆ ಉಂಡರೆ ಇವತ್ತು ಉಣ್ಣಬಾರದು ಅಂತ ಇದೆಯೇ? ಹುಡುಗಿ ನೋಡು, ಎಷ್ಟು ನಾಚಿಕೆ!"

"ನಮ್ಮ ಜಾತಿಗೆ ಒಂದು ಊಟ ಬಹಳ ದಿನ ಬರುತ್ತೆ. ನಿಜವಾಗಿ ಹೇಳ್ತಿದೀನಿ."

"ಎಲ್ಲರೂ ನಿಜವಾಗೇ ಹೇಳ್ತಾರಮ್ಮ. ಆ ಗೊರವಂಕ ಕೂಡ ಹಾಗೇ ಹೇಳಿತ್ತು."

ಆತಿಥ್ಯ ಮಾಡುವವಳಿಗೆ ನೋವಾದೀತೆಂದು ನೀಲವ್ವ ಅದನ್ನೂ ತಿಂದಳು. ಅದೇ ತಪ್ಪಾಯಿತು. ಬೇಡ ಎಂದವಳು ತಿಂದಳಲ್ಲ, ಸಾವಂತ್ರಮ್ಮನ ಶಾಸ್ತ್ರ ಗಟ್ಟಿಯಾಯಿತು. ಸಂಜೆಸಂಜೆಗೂ ಎಲೆಯ ಸುರುಳಿ ಬಂತು. ನೀಲವ್ವನ ಹೊಟ್ಟೆ ಬಿಗಿದು, ಬೆನ್ನಿನ ಪಟ್ಟಿಗಳ ಸಂದಿ ಬಿರಿದು ಕಾಣತೊಡಗಿತು. ಆಮೇಲೊಂದು ದಿನ ಅವಳು ಕಲ್ಲಿನ ಕೆಳಗೆ ಸೇರಿ ಅಲ್ಲಾಡದೆ ಕುಳಿತುಬಿಟ್ಟಳು. ಮೈಯ ಹೊಳಪು ಮಾಸಿತು.

"ದೊಡ್ಡಮ್ಮಾ, ಈ ಮಾತು ಒಂದನ್ನ ಕೇಳಿ. ನನ್ನ ಮೈ ಬೆಳೆದಿದೆ, ಹಳೇ ಚರ್ಮ ಬಿಗಿಯಾಗ್ತಿದೆ. ಪೊರೆ ಕಳಚೋ ಹೊತ್ತು ಬಂತು. ಈಗ ನನಗೆ ಹಸಿವಿರಲ್ಲ. ಪೊರೆ ಕಳಚಿದ ಮೇಲೆ ಮೈ ಬೆಣ್ಣೆ ಹಾಗೆ ಇರುತ್ತೆ, ಕೊಂಡೀನೂ ಮೆತ್ತಗೆ. ಏನೂ ಒಳಗೆ ಹಾಕಬೇಡಿ. ಕೈ ಮುಗೀತೀನಿ."

ನಿಜವಾಗಿಯೂ ಅವಳು ಎರಡೂ ಇಕ್ಕಳ ಜೋಡಿಸಿ ಹಿಡಿದಳು.

"ಕೈ ಮುಗೀಬಾರದು ತಾಯೀ, ನೀನು ಅತಿಥಿ" ಎಂದಳು ಸಾವಂತ್ರಮ್ಮ. ಮನಸ್ಸು ಅರ್ಧ ಅಳುಕಿತು. ಇವತ್ತು ಬಿಟ್ಟುಬಿಡೋಣ ಎಂದೂ ಅಂದುಕೊಂಡಳು. ಅಷ್ಟರಲ್ಲಿ ಗುಂಡಕ್ಕ ಮೆಟ್ಟಿಲ ಮೇಲೆ ಕುಪ್ಪಳಿಸಿ ಬಾನಿಯೊಳಗೆ ಇಣುಕಿದಳು.

"ಅಲ್ಲವೇ, ಮೈಯೆಲ್ಲ ಮಂಕಾಗಿದೆಯಲ್ಲೇ ಹುಡುಗಿಗೆ! ಎದ್ದು ಓಡಾಡೋಕೂ ಶಕ್ತಿ ಇಲ್ಲ. ಸಾವಂತ್ರಿ ಮನೇಲಿ ಸೊರಗಿ ಹೋದಳು ಅಂತ ಆಡ್ಕೊಳ್ಳಲ್ವಾ ಜನ?"

ಅಷ್ಟು ಸಾಕಾಯಿತು. ಸಾವಂತ್ರಮ್ಮ ಪೊದೆಗೆ ಹೋಗಿ, ಸಂಜೆಯಾದರೆ ಜೀರ್ ಎಂದು ಹಾಡುವ ಚಿಮ್ಮಂಡೆಗಳಲ್ಲಿ ದಷ್ಟಪುಷ್ಟವಾದ ಮೂರನ್ನು ಹಿಡಿದು ತಂದು ಬಾನಿಯೊಳಗೆ ಬಿಟ್ಟಳು. ನೆಗೆದು ಹೋಗಬಾರದೆಂದು ಬಾನಿಯ ಬಾಯಿಗೆ ಮುತ್ತುಗದ ಎಲೆ ಮುಚ್ಚಿ, ಮೇಲೆ ಕಲ್ಲು ಹೇರಿದಳು.

"ನಾಚಿಕೆ ಬಿಟ್ಟು ಉಣ್ಣು ಮಗಳೇ. ನಾನು ನೋಡೋದಿಲ್ಲ" ಎಂದು ಹೇಳಿ, ದೀಪದ ಗೂಡಿಗೆ ಕೈ ಮುಗಿದು, ತೃಪ್ತಿಯಿಂದ ಮಲಗಿದಳು.

ಬೆಳಗಿನ ಜಾವಕ್ಕೆ ಅವಳಿಗೊಂದು ಕನಸು ಬಿತ್ತು.

ಎಲ್ಲಿ ನೋಡಿದರೂ ಮರಳು, ಅದರಾಚೆ ನೀರು, ನೀರಿನಾಚೆ ಇನ್ನೂ ನೀರು. ಅವಳು ಮೈತುಂಬ ಮರಳು ಮೆತ್ತಿಕೊಂಡು ಓಡುತ್ತಿದ್ದಳು. ಎದುರಿಗೆ ಒಂದು ಅಂಗೈ. ಮುಖ ಕಾಣದು, ಮೈ ಕಾಣದು. ಆಕಾಶದಷ್ಟು ಅಗಲದ ಅಂಗೈ ಮಾತ್ರ. ಅವಳು ಬೆನ್ನು ಕೊಡವಿದಳು. ನಾಲ್ಕಾರು ಮರಳ ಕಣ ಬಿದ್ದವು. ಅಂಗೈ ಮುಚ್ಚಿಕೊಂಡಿತು.

"ಸಾಕು" ಎಂದಿತು ಒಂದು ದನಿ.

"ಇಷ್ಟೇ ಹೇಗೆ ಸಾಕಾಗುತ್ತೆ ಸ್ವಾಮೀ? ಸಮುದ್ರ ಅಷ್ಟು ದೊಡ್ಡದು! ಇನ್ನೂ ತರ್ತೀನಿ, ಇನ್ನೂ..."

"ನಿನ್ನ ಮೈಗೆ ಎಷ್ಟು ಮೆತ್ತಿತೋ ಅಷ್ಟು ನನಗೆ ಸಾಕಾಯಿತು ಮಗಳೇ. ನಾನು ಸಾಕು ಅಂದಾಗ ನೀನು ನಂಬಬೇಕು."

ಬೆನ್ನ ಮೇಲೆ ಬೆರಳು ಹರಿದ ಹಾಗಾಯಿತು. ಸಾವಂತ್ರಮ್ಮ ಬೆಚ್ಚಿ ಎದ್ದಳು.

ಮಂಜು ಇಳಿದಿತ್ತು. ಗುಡ್ಡವೆಲ್ಲ ಮೌನ. ಆ ಮೌನದಲ್ಲಿ ಬಾನಿಯೊಳಗಿನಿಂದ ಸಣ್ಣ ಸದ್ದು ಕೇಳಿಸಿತು: ಕರ್ ಕರ್, ಕರ್ ಕರ್. ಏನನ್ನೋ ಕಡಿಯುವ ಸದ್ದು.

ಓಡಿ ಹೋಗಿ ಮುಚ್ಚಳ ಎಳೆದಳು.

ನೀಲವ್ವ ಪೊರೆಯಿಂದ ಅರ್ಧ ಹೊರಗೆ ಬಂದಿದ್ದಳು. ಹಾಲಿನಂತೆ ಬಿಳಿ, ಹಾಲಿನ ಕೆನೆಯಂತೆ ಮೆತ್ತಗೆ. ಬಾಲ ಇನ್ನೂ ಹಳೆಯ ಚರ್ಮದೊಳಗೇ ಇತ್ತು. ಅಲುಗಾಡಲಾರಳು, ಕೊಂಡಿ ಎತ್ತಲಾರಳು. ಅವಳ ಹಿಂಗಾಲೊಂದರ ತುದಿಯನ್ನು ಒಂದು ಚಿಮ್ಮಂಡೆ ಕಡಿಯುತ್ತಿತ್ತು. ಉಳಿದೆರಡು ಪಕ್ಕದಲ್ಲಿ ಮೀಸೆ ಅಲ್ಲಾಡಿಸುತ್ತ ನಿಂತಿದ್ದವು.

"ಏ ಪಾಪೀ! ಬಿಡು ಅವಳನ್ನ! ನಿನ್ನನ್ನ ಅವಳ ಊಟಕ್ಕೆ ತಂದರೆ ನೀನೇ ಅವಳನ್ನ ತಿಂತೀಯಾ?"

ಚಿಮ್ಮಂಡೆ ಬಾಯಿ ಒರೆಸಿಕೊಂಡು ತಲೆ ಎತ್ತಿತು. ಅದರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಅಮ್ಮಾ, ಅವಳು ನನ್ನ ತಿಂದಿದ್ದರೆ ಒಂದು ಮಾತು. ಸಾಯ್ತೀನಿ ಅಂತಲೇ ದೇವರ ನೆನಕೊಂಡು ಕೂತಿದ್ದೆ. ಅವಳು ತಿನ್ನಲಿಲ್ಲ. ನೀನು ಬಿಡಲೂ ಇಲ್ಲ. ಅವಳಿಗೆ ಹಸಿವಿತ್ತಾ ಅಂತ ನೀನು ಕೇಳಲಿಲ್ಲ, ನನಗೆ ಹಸಿವಾಗುತ್ತಾ ಅಂತ ಯಾರು ಕೇಳಿದರು? ಈ ಕಲ್ಲಿನೊಳಗೆ ಒಂದು ಹುಲ್ಲುಕಡ್ಡಿಯಾದರೂ ಇಟ್ಟಿದ್ದೀಯಾ ನೋಡು."

ಸಾವಂತ್ರಮ್ಮ ಬಾನಿಯೊಳಗೆ ಬಗ್ಗಿದಳು. ಒಳಗೆ ಧುಮುಕುವ ಹಾಗಿಲ್ಲ. ಧುಮುಕಿದರೆ ನೀಲವ್ವನ ಮೇಲೇ ಬೀಳಬೇಕು. ಅವಳು ಅಂಚಿಗೆ ಕಾಲು ಕೊಟ್ಟು, ತನ್ನ ಬಾಲವನ್ನು ಬಾನಿಯೊಳಗೆ ಹಗ್ಗದಂತೆ ಇಳಿಬಿಟ್ಟಳು.

"ಹತ್ತಪ್ಪಾ. ಹತ್ತಿ ಬಾ. ನನ್ನಿಂದ ತಪ್ಪಾಯಿತು. ನನ್ನ ಹೊಸಿಲಲ್ಲಿ ಅತ್ತಿಹಣ್ಣಿದೆ, ಎಷ್ಟು ಬೇಕೋ ನೀನೇ ತಗೊಂಡು ಹೋಗು."

ಮೂರೂ ಚಿಮ್ಮಂಡೆಗಳು ಬಾಲ ಹಿಡಿದು, ಅವಳ ಬೆನ್ನ ಮೇಲಿನ ಗೆರೆಗಳನ್ನು ತುಳಿದುಕೊಂಡು, ಮೇಲೆ ಬಂದವು. ಮೊದಲು ಬಂದ ಎರಡೂ, ಹಣ್ಣಿನ ಕಡೆ ತಿರುಗಿಯೂ ನೋಡದೆ, ಪೊದೆಗೆ ನೆಗೆದವು. ಕಡೆಯದು ಒಂದು ತುಣುಕು ಹಣ್ಣು ತಿಂದು ಹೋಯಿತು. ಹೋಗುವಾಗ "ಸಾಕು" ಎಂದಿತು. ಸಾವಂತ್ರಮ್ಮ ಎರಡನೆಯ ತುಣುಕು ಕೊಡಲಿಲ್ಲ.

ನೀಲವ್ವ ಬಹಳ ಹೊತ್ತಿಗೆ ಬಾಲ ಬಿಡಿಸಿಕೊಂಡಳು. ಕಡಿದ ಕಾಲು ಮೊಟಕಾಗಿತ್ತು. ಅವಳು ಮರಳಿನ ಮೇಲೆ ಒರಗಿದಳು.

ರಾತ್ರಿ ಬೆಳದಿಂಗಳು ಬಾನಿಯೊಳಗೆ ಬಂತು. ಕಳಚಿಟ್ಟ ಹಳೆಯ ಪೊರೆ ಎಂದಿನಂತೆ ನೀಲಿಯಾಗಿ ಬೆಳಗಿತು. ಅದರ ಪಕ್ಕ ಮಲಗಿದ ನೀಲವ್ವನ ಮೈಯಲ್ಲಿ ಮಾತ್ರ ಒಂದು ಕಿಡಿಯೂ ಇಲ್ಲ. ಖಾಲಿ ಅಂಗಿ ಉರಿಯುತ್ತಿದೆ, ಹುಡುಗಿ ಕತ್ತಲಾಗಿದ್ದಾಳೆ!

"ದೀಪ ಆರಿತು ಕಣೇ. ಹೋಗೇಬಿಟ್ಟಳೋ ಏನೋ!" ಎಂದಳು ಗುಂಡಕ್ಕ ಮೆಲ್ಲಗೆ. ಈ ಸಲ ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ.

"ಉಸಿರಾಡ್ತಿದಾಳೆ" ಎಂದಳು ಸಾವಂತ್ರಮ್ಮ.

"ಹಾಗಾದರೆ ಸುಮ್ಮನೆ ಯಾಕೆ ಕೂತೆ? ಏನಾದರೂ ಬಾಯಿಗೆ ಹಾಕಬಾರದಾ? ಒಂದು ಪುಟ್ಟ ಹುಳ ನಾನೇ ಹಿಡಿದು ಕೊಡ್ತೀನಿ."

"ಬೇಡ ಗುಂಡಕ್ಕ. ಅವಳು ಬೇಡ ಅಂದಿದ್ದಾಳೆ. ಇವತ್ತಿನ ನನ್ನ ಅಡುಗೆ ಇದೇ, ಬರೀ ಕೈಯಲ್ಲಿ ಕೂರೋದು."

ಅಯ್ಯೋ, ಆ ಬರೀ ಕೈ! ಅದು ಎಷ್ಟು ಭಾರವಿತ್ತೆಂದರೆ ಅವಳು ಎರಡೂ ಕೈ ಎದೆಗೆ ಒತ್ತಿಕೊಂಡು ಕೂರಬೇಕಾಯಿತು. ಅತ್ತಿಹಣ್ಣು ಮರದಿಂದ ಉದುರಿದಾಗಲೆಲ್ಲ ಕೈ ತಾನಾಗಿ ಚಾಚುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಪಾಚಿ ಒಣಗಿದಾಗ ನೀರಿನಲ್ಲಿ ಅದ್ದಿ ಇಟ್ಟಳು. ಬಿಸಿಲು ಬಂದಾಗ ಬಾನಿಯ ಮೇಲೆ ನೆರಳು ಮಾಡಿದಳು. ಇರುವೆ ಬಂದರೆ ಓಡಿಸಿದಳು. ಬೇರೇನೂ ಮಾಡಲಿಲ್ಲ. ದೀಪದ ಗೂಡಿನ ಕಡೆ ತಿರುಗಿ ಒಂದೇ ಮಾತು ಹೇಳುತ್ತಿದ್ದಳು: "ಸ್ವಾಮೀ, ಒಂದು ಕಾಲಿನ ಮಾತು ತಪ್ಪಿದೆ. ಜೀವದ ಮಾತು ನೀನೇ ಉಳಿಸಿಕೊಡು."

ಚಂದ್ರ ದಿನದಿನಕ್ಕೂ ಕರಗುತ್ತ ಹೋದ. ಅವನು ಮೂಡಿದಾಗಲೆಲ್ಲ ಪೊರೆ ಬೆಳಗಿತು, ನೀಲವ್ವ ಬೆಳಗಲಿಲ್ಲ. ಆಮೇಲೊಂದು ದಿನ ಚಂದ್ರನೇ ಇಲ್ಲವಾದ. ಸಾವಂತ್ರಮ್ಮ ಕತ್ತಲೆಯನ್ನೇ ನೋಡುತ್ತ ಕುಳಿತಳು.

ಮತ್ತೆ ಎಳೆಯ ಚಂದ್ರ ಬಂದ. ಅವನ ಬೆಳಕು ಎಷ್ಟು ತೆಳುವೆಂದರೆ ಮಂಟಪದ ಕಂಬಗಳಿಗೆ ನೆರಳೂ ಇರಲಿಲ್ಲ. ಅಷ್ಟರಲ್ಲೇ ಬಾನಿಯ ತಳದಲ್ಲಿ ಏನೋ ಮಿಸುಕಿತು. ಸಾವಂತ್ರಮ್ಮ ಬಾಗಿ ನೋಡಿದಳು. ಮೊದಲು ಒಂದು ಇಕ್ಕಳದ ಅಂಚು, ಆಮೇಲೆ ಬೆನ್ನು, ಆಮೇಲೆ ಬಾಲದ ಗಂಟುಗಳು ಒಂದೊಂದಾಗಿ ಬೆಳಗಿದವು. ನೀಲಿ, ಅಂಚಿನಲ್ಲಿ ತುಸು ಹಸಿರು. ಮೊದಲಿಗಿಂತ ದೊಡ್ಡ ದೀಪ. ಹೊಸ ಚರ್ಮ ಗಟ್ಟಿಯಾಗಿತ್ತು.

ಕೆಳಗಿನಿಂದ ಸಣ್ಣ ದನಿ ಬಂತು.

"ದೊಡ್ಡಮ್ಮಾ, ಇದ್ದೀರಾ?"

"ಇದ್ದೀನಿ ಮಗಳೇ."

"ನನಗೆ ಹಸಿವಾಗ್ತಿದೆ."

ಸಾವಂತ್ರಮ್ಮ ತನ್ನ ಬಾಳಿನಲ್ಲಿ ಎಷ್ಟು ಜನರಿಗೆ ಬಡಿಸಿದ್ದಳೋ! ಆದರೆ ಅವಳ ಮುಂದೆ ಹಸಿವು ಅಂತ ಬಾಯಿ ಬಿಟ್ಟು ಕೇಳಿದವರು ಇವಳೇ ಮೊದಲು. ಕೇಳುವಷ್ಟು ಹೊತ್ತು ಅವಳು ಯಾರಿಗೂ ಕೊಟ್ಟಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೋಗಿ, ಎಲೆಯ ಸುರುಳಿಯಲ್ಲಿ ಒಂದೇ ಒಂದು ಪುಟ್ಟ ಜಿರಳೆ ತಂದಳು. ನೀಲವ್ವ ಉಂಡು ಮುಗಿಸುವವರೆಗೆ ಕಾದಳು. ಸಿಪ್ಪೆಯ ಉಂಡೆ ಎತ್ತಿ ಹಾಕಿದಳು.

"ಸಾಕು ದೊಡ್ಡಮ್ಮಾ."

"ಆಯಿತು ಮಗಳೇ."

ಮೆಟ್ಟಿಲ ಕೆಳಗೆ ಗುಂಡಕ್ಕ ಬೆರಗಾಗಿ ಬಾಯಿ ತೆರೆದಳು. ಒಂದು ಸೊಳ್ಳೆ ತಾನಾಗಿ ಒಳಗೆ ಹೋಯಿತು.

ಮಳೆ ನಿಂತ ದಿನ ಗುಡ್ಡದ ಪ್ರಾಣಿಗಳೆಲ್ಲ ಸೇರಿದವು. ಚೇಳನ್ನು ಬಾನಿಯಿಂದ ಹೇಗೆ ಎತ್ತುವುದು, ಯಾರು ಎತ್ತುವುದು ಎಂದು ಗುಸುಗುಸು ಎದ್ದಿತು. ಸಾವಂತ್ರಮ್ಮ ಯಾರನ್ನೂ ಕೇಳಲಿಲ್ಲ. ಅಂಚಿಗೆ ಬೆನ್ನು ಮಾಡಿ, ಬಾಲ ಇಳಿಬಿಟ್ಟಳು. ನೀಲವ್ವ ಕೊಂಡಿಯನ್ನು ಒಂದು ಬದಿಗೆ ಮಡಿಸಿಕೊಂಡು, ಮೆಲ್ಲಗೆ ಆ ಬಾಲ ಹತ್ತಿ, ಬೆನ್ನ ಮೇಲೆ ನಡೆದು ಬಂದಳು. ಸ್ವಾಮಿಯ ಬೆರಳು ಹರಿದ ಗೆರೆಗಳ ಮೇಲೆ ಅವಳ ಮೊಟಕು ಕಾಲು ಟಕ್ ಎಂದು ತಾಗುತ್ತಿತ್ತು. ಒಂದು ಕೂದಲೂ ನೋಯಲಿಲ್ಲ.

ಸಾವಂತ್ರಮ್ಮ ತಲೆ ತಗ್ಗಿಸಿದಳು. "ಒಂದು ಕಾಲೂ ಊನ ಆಗದ ಹಾಗೆ ಕಳಿಸ್ತೀನಿ ಅಂದಿದ್ದೆ. ಮಾತು ಉಳಿಸಿಕೊಳ್ಳಲಿಲ್ಲ ತಾಯೀ."

"ಎಂಟು ಕಾಲಲ್ಲಿ ತೇಲಿ ಬಂದವಳು ಏಳೂವರೇಲಿ ನಡೆದು ಹೋಗ್ತೀನಿ ದೊಡ್ಡಮ್ಮಾ" ಎಂದು ನೀಲವ್ವ ನಕ್ಕಳು. "ಆ ಅರ್ಧ ಕಾಲು ನಿಮ್ಮ ಹತ್ತಿರ ಇರಲಿ. ಮುಂದಿನ ಅತಿಥಿ ಬೇಡ ಅಂದಾಗ ನೆನಪಾಗುತ್ತೆ. ತಪ್ಪು ನನ್ನದೂ ಇತ್ತು. ಬೇಡ ಅಂದ ಮೇಲೆ ನಾಚಿಕೆಗೆ ತಿನ್ನಬಾರದಿತ್ತು."

ಹೊರಡುವ ಹೊತ್ತಾಯಿತು. ಸಾವಂತ್ರಮ್ಮನ ಕೈ ಅಭ್ಯಾಸದಂತೆ ಹೊಸಿಲ ಕಡೆ ಹೋಯಿತು. "ದಾರಿಗೆ ಒಂದಿಷ್ಟು ಬುತ್ತಿ..." ಎಂದು ಶುರು ಮಾಡಿ, ಅಲ್ಲೇ ನಿಂತಳು. ಕೈ ಹಿಂದಕ್ಕೆ ತೆಗೆದುಕೊಂಡು ಕೇಳಿದಳು:

"ಏನಾದರೂ ಬೇಕಾ ಮಗಳೇ?"

ನೀಲವ್ವ ಯೋಚಿಸಿದಳು. "ಒಂದು ಹನಿ ನೀರು."

ಸಾವಂತ್ರಮ್ಮ ಅತ್ತಿಯ ಎಲೆಯೊಂದನ್ನು ಬಾಗಿಸಿದಳು. ಅದರ ತುದಿಯಲ್ಲಿ ಹಿಂದಿನ ಮಳೆಯ ಹನಿ ಒಂದೇ ಒಂದು ಉಳಿದಿತ್ತು. ಅದರೊಳಗೆ ಸಂಜೆಯ ಆಕಾಶವೆಲ್ಲ ಇತ್ತು. ನೀಲವ್ವ ಕುಡಿದಳು. ಸಾವಂತ್ರಮ್ಮ ಎಲೆಯನ್ನು ಬಿಟ್ಟಳು. ಬೆಳದಿಂಗಳಲ್ಲಿ ಬಂಡೆಗಳ ನಡುವೆ ಒಂದು ನೀಲಿ ಚುಕ್ಕಿ ಹತ್ತುತ್ತ ಹತ್ತುತ್ತ ಹೋಗಿ, ನಕ್ಷತ್ರಗಳಲ್ಲಿ ಯಾವುದು ಎಂದು ತಿಳಿಯದಂತಾಯಿತು. ಮಂಟಪದ ಗೂಡಿಗೆ ಮಿಂಚುಹುಳು ಬಂದು ಕುಳಿತಿತು.

ನೀತಿ: ಬಡಿಸುವ ಮುಂಚೆ ಹಸಿವನ್ನು ಕೇಳಬೇಕು, ಸಾಕು ಎಂದಾಗ ನಂಬಬೇಕು, ಉಣ್ಣುವವರ ಹೊಟ್ಟೆ ಮರೆತು ತನ್ನ ಸಂತೋಷಕ್ಕೆ ಬಡಿಸುವ ಕೈ ಅತಿಥಿಯನ್ನೇ ನೋಯಿಸುತ್ತದೆ.